ಘಾಟಿ ಇಳಿಯುವಾಗ ಡೀಸೆಲ್ ಕಾರಲ್ಲಿ ಇಂಜಿನ್ ಬ್ರೇಕಿಂಗ್: 3000 ಆರ್‌ಪಿಎಂ ದಾಟಿದ್ರೆ ಹೆದರಬೇಕಾ?

ಹೊಸಚಕ್ರ

ಎಲ್ರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಬೇಡಿ.

ನಂದು 1.5 ಲೀಟರ್ ಡೀಸೆಲ್ ಗಾಡಿ, 5 ಗೇರ್ ಮ್ಯಾನ್ಯುಯಲ್, ಮುಂದೆ ಡಿಸ್ಕ್ ಹಿಂದೆ ಡ್ರಮ್. ಮೊನ್ನೆ ಐದು ಜನ, ಮೇಲೆ ಲಗೇಜು ತುಂಬ್ಕೊಂಡು ಒಂದು ಉದ್ದ ಘಾಟಿ ಇಳಿದ್ವಿ, ಸುಮಾರು 12 ಕಿಮೀ ಬರೀ ಇಳಿಜಾರು, ತಿರುವಿನ ಮೇಲೆ ತಿರುವು. ನಾನು 4ನೇ ಗೇರಲ್ಲಿ ಬ್ರೇಕ್ ಮೇಲೆ ಕಾಲು ಹಗುರಾಗಿ ಇಟ್ಕೊಂಡೇ ಬಂದೆ, ಸ್ಪೀಡು 45 ದಾಟಿಲ್ಲ, ಹುಷಾರಾಗಿ ಓಡಿಸ್ತಿದೀನಿ ಅಂತಾನೇ ಅನ್ಕೊಂಡಿದ್ದೆ. ಮುಕ್ಕಾಲು ದಾರಿ ಇಳಿದಿರಬೇಕು, ಏನೋ ಸುಟ್ಟ ವಾಸನೆ ಬಂತು. ಮುಂದೆ ಹೋಗ್ತಿದ್ದ ಲಾರಿದು ಅಂತ ಗ್ಲಾಸ್ ಏರಿಸಿದೆ. ಅದಾಗಿ ಎರಡು ತಿರುವಿಗೆ ಬ್ರೇಕ್ ಪೆಡಲ್ ಮಾಮೂಲಿಗಿಂತ ಕೆಳಗೆ ಹೋಯ್ತು, ಸ್ಪಂಜು ಒತ್ತಿದ ಹಾಗೆ. ಎದೆ ಧಸಕ್ ಅಂತು. ಹೇಗೋ ಸೈಡಿಗೆ ಹಾಕಿ ಇಳಿದು ನೋಡಿದ್ರೆ ಮುಂದಿನ ಎರಡೂ ಚಕ್ರದಿಂದ ಸಣ್ಣಗೆ ಹೊಗೆ. ವಾಸನೆ ನಂದೇ.

ಅರ್ಧ ಗಂಟೆ ನಿಲ್ಲಿಸಿದ್ಮೇಲೆ ಪೆಡಲ್ ಸರಿ ಹೋಯ್ತು. ಪಕ್ಕದಲ್ಲಿದ್ದ ಅಪ್ಪ "ಗೇರ್ ಇಳಿಸು, ಇಂಜಿನ್ ಹಿಡ್ಕೊಳುತ್ತೆ" ಅಂದ್ರು. 2ಕ್ಕೆ ಹಾಕಿದ್ರೆ ಆರ್‌ಪಿಎಂ ಮುಳ್ಳು (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅಂತ ತೋರಿಸೋದು) 3200ಕ್ಕೆ ಹೋಗಿ ಇಂಜಿನ್ ಕಿರುಚೋಕೆ ಶುರು ಮಾಡ್ತು, ಭಯ ಆಗಿ 3ಕ್ಕೆ ವಾಪಸ್ ಹಾಕ್ದೆ. ನಾನು ಯಾವತ್ತೂ 2500 ದಾಟಿಸಿದವನಲ್ಲ.

ಹೀಗೆ ಇಂಜಿನ್ ಮೇಲೆ ಭಾರ ಹಾಕಿದ್ರೆ ಏನೂ ಆಗಲ್ವಾ? ಕ್ಲಚ್ ಸವೆಯಲ್ವಾ? ಆಕ್ಸಿಲರೇಟರ್ ಒತ್ತದೇ 3000 ತಿರುಗಿದ್ರೆ ಡೀಸೆಲ್ ಕುಡಿಯುತ್ತಾ?

ಗ್ರೀಸ್‌ಕೈ

ಮೊದ್ಲು ಜೀವ ಉಳೀತಲ್ಲ, ಅದಕ್ಕೆ ಸಂತೋಷ ಪಡಿ. ಪೆಡಲ್ ಕೆಳಗೆ ಹೋಯ್ತು ಅಂದ್ರಲ್ಲ, ಅದು ಪ್ಯಾಡ್ ಸವೆದಿದ್ದಲ್ಲ, ಬ್ರೇಕ್ ಆಯಿಲ್ ಕುದ್ದಿರೋದು. ಪೈಪ್ ಒಳಗೆ ಆಯಿಲ್ ಇರೋವರೆಗೂ ನೀವು ಒತ್ತಿದ್ದು ಚಕ್ರಕ್ಕೆ ಮುಟ್ಟುತ್ತೆ. ಕುದ್ದು ಆವಿ ಗುಳ್ಳೆ ಆದ್ರೆ ಒತ್ತಿದ್ದೆಲ್ಲ ಗುಳ್ಳೆ ಅಮುಕೋದಕ್ಕೇ ಹೋಗುತ್ತೆ. ತಣ್ಣಗಾದ್ಮೇಲೆ ಆವಿ ಮತ್ತೆ ಆಯಿಲ್ ಆಗುತ್ತೆ, ಪೆಡಲ್ ವಾಪಸ್ ಬರುತ್ತೆ, ಜನ "ಸರಿ ಹೋಯ್ತು" ಅಂತ ಹೊರಡ್ತಾರೆ.

ಇನ್ನೊಂದು ಥರ ಇದೆ, ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇರುತ್ತೆ, ಎಷ್ಟು ಒತ್ತಿದ್ರೂ ಗಾಡಿ ನಿಲ್ಲಲ್ಲ. ಅದು ಪ್ಯಾಡ್ ಕಾದು ಮೇಲ್ಮೈ ಗಾಜಿನ ಹಾಗೆ ಆಗಿರೋದು. ನಿಮ್ಮ ಪ್ಯಾಡ್ ಬಿಚ್ಚಿ ನೋಡಿಸಿ, ಹೊಳೀತಿದ್ರೆ ಬದಲಾಯಿಸಿ. ಡಿಸ್ಕ್ ಮೇಲೆ ನೀಲಿ ಬಣ್ಣ ಬಂದಿದ್ರೆ ಅದನ್ನೂ ತೋರಿಸಿ.

ಒಂದು ಪ್ರಶ್ನೆ: ಬ್ರೇಕ್ ಆಯಿಲ್ ಕೊನೆಗೆ ಬದಲಾಯಿಸಿದ್ದು ಯಾವಾಗ?

ಪಿಸ್ಟನ್‌ಪುರಾಣ

ಡೀಸೆಲ್ ಗಾಡಿ ಇಟ್ಕೊಂಡು ಬ್ರೇಕ್ ಸುಟ್ಕೊಂಡ್ರಾ ಗುರು. ಡೀಸೆಲ್ ಇಂಜಿನ್ ಕಂಪ್ರೆಷನ್ನೇ, ಅಂದ್ರೆ ಒಳಗಿನ ಗಾಳಿನ ಅಮುಕೋ ಪ್ರಮಾಣ, 16-17ಕ್ಕೆ 1 ಇರುತ್ತೆ, ಪೆಟ್ರೋಲ್‌ದು 10-11. ಅಷ್ಟು ಗಾಳಿ ಅಮುಕಬೇಕು ಅಂದ್ರೆ ಎಷ್ಟು ಶಕ್ತಿ ಬೇಕು ಲೆಕ್ಕ ಹಾಕಿ, ಅದೇ ಇಂಜಿನ್ ಬ್ರೇಕ್. 3ನೇ ಗೇರ್ ಹಾಕಿ ಕಾಲು ತೆಗೆದ್ರೆ ಸಾಕು, ಗಾಡಿ ತಾನಾಗೇ ಕೂರುತ್ತೆ. ಪೆಟ್ರೋಲ್ ಗಾಡಿಗಿಂತ ಡಬಲ್ ಹಿಡಿತ.

ಅರೆಬರೆ_ಇಂಜಿನಿಯರ್

ಈ ಮಾತು ಎಲ್ಲಾ ಕಡೆ ಓಡಾಡ್ತಿದೆ, ಪೂರ್ತಿ ತಪ್ಪಲ್ಲ ಆದ್ರೆ ಕಾರಣ ತಪ್ಪು, ಮತ್ತೆ ಆ ತಪ್ಪು ಕಾರಣ ನಂಬ್ಕೊಂಡೇ ಜನ 4ನೇ ಗೇರಲ್ಲಿ ಇಳಿದು ಬ್ರೇಕ್ ಸುಟ್ಕೊಳೋದು.

ಒಂದು ಸಿರಿಂಜ್ ತಗೊಳಿ, ಸೂಜಿ ಬೇಡ. ಬಾಯಿಗೆ ಬೆರಳು ಅದುಮಿಟ್ಟು ಒಳಗೆ ತಳ್ಳಿ. ಕಷ್ಟ ಆಗುತ್ತೆ ತಾನೇ, ಅದೇ ಕಂಪ್ರೆಷನ್. ಈಗ ಕೈ ಬಿಡಿ. ಏನಾಯ್ತು? ಹಿಡಿ ವಾಪಸ್ ಚಿಮ್ಮುತು. ನೀವು ಹಾಕಿದ ಶಕ್ತೀಲಿ ಬಹುಪಾಲು ವಾಪಸ್ ಕೊಡ್ತು. ಡೀಸೆಲ್ ಇಂಜಿನ್ ಒಳಗೂ ಅಷ್ಟೇ, ಪಿಸ್ಟನ್ ಮೇಲೆ ಹೋಗುವಾಗ ಗಾಳಿ ಅಮುಕಿಸ್ಕೊಳುತ್ತೆ, ಕೆಳಗೆ ಬರುವಾಗ ಅದೇ ಗಾಳಿ ಪಿಸ್ಟನ್ನನ್ನ ತಳ್ಳುತ್ತೆ. ಸ್ಪ್ರಿಂಗ್ ಅದು. ಕಂಪ್ರೆಷನ್ ಜಾಸ್ತಿ ಇದ್ರೆ ಸ್ಪ್ರಿಂಗ್ ಗಟ್ಟಿ ಅಷ್ಟೇ, ಸಾಲ ಜಾಸ್ತಿ ತಗೊಂಡು ಜಾಸ್ತಿ ವಾಪಸ್ ಕೊಡೋದು. ನಿಜವಾಗಿ ಕಳೆದು ಹೋಗೋದು ಸ್ವಲ್ಪ: ಸಿಲಿಂಡರ್ ಗೋಡೆಗೆ ಹೋದ ಬಿಸಿ, ರಿಂಗ್ ಸಂದಿಲಿ ಸೋರಿದ ಗಾಳಿ.

ಪೆಟ್ರೋಲ್ ಇಂಜಿನ್ ಹಿಡಿಯೋದು ಬೇರೆ ಥರ. ಅದಕ್ಕೆ ಗಾಳಿ ಒಳಗೆ ಬರೋ ದಾರೀಲಿ ಥ್ರಾಟಲ್ ಪ್ಲೇಟ್ ಅಂತ ಒಂದು ಬಾಗಿಲು ಇದೆ. ಕಾಲು ತೆಗೆದ ತಕ್ಷಣ ಬಾಗಿಲು ಮುಚ್ಚುತ್ತೆ, ಪಿಸ್ಟನ್ ಕೆಳಗೆ ಬರುವಾಗ ಗಾಳಿ ಸಿಗದೆ ಒದ್ದಾಡುತ್ತೆ. ಸ್ಟ್ರಾ ಮಡಚಿಟ್ಟು ಎಳನೀರು ಎಳೆದ ಹಾಗೆ. ಆ ಒದ್ದಾಟ ವಾಪಸ್ ಸಿಗಲ್ಲ. ಡೀಸೆಲಲ್ಲಿ ಮೊದಲಿಂದ ಆ ಬಾಗಿಲೇ ಇಲ್ಲ, ಗಾಳಿ ಯಾವಾಗ್ಲೂ ಪೂರ್ತಿ ಬರುತ್ತೆ, ಪವರ್ ಜಾಸ್ತಿ ಕಮ್ಮಿ ಮಾಡೋದು ಎಷ್ಟು ಡೀಸೆಲ್ ಚುಚ್ತಾರೆ ಅನ್ನೋದ್ರಿಂದ. ಈಗಿನ ಡೀಸೆಲ್‌ಗಳಲ್ಲಿ ಒಂದು ಫ್ಲ್ಯಾಪ್ ಇರುತ್ತೆ ನಿಜ, ಅದು ಮುಖ್ಯವಾಗಿ ಇಜಿಆರ್ (ಸ್ವಲ್ಪ ಹೊಗೆನ ವಾಪಸ್ ಇಂಜಿನ್ನಿಗೆ ಬಿಡೋದು) ಕೆಲಸಕ್ಕೆ, ಆಮೇಲೆ ಆಫ್ ಮಾಡಿದಾಗ ಇಂಜಿನ್ ಕುಲುಕದೆ ನಿಲ್ಲೋಕೆ.

ಹಾಗಾದ್ರೆ ಡೀಸೆಲ್ ಹಿಡಿಯೋದು ಯಾವುದ್ರಿಂದ? ತಿಕ್ಕಾಟದಿಂದ. ದಪ್ಪ ಪಿಸ್ಟನ್, ಬಿಗಿ ರಿಂಗ್, ದೊಡ್ಡ ಬೇರಿಂಗ್, ಹೈ ಪ್ರೆಷರ್ ಪಂಪ್, ಆಯಿಲ್ ಪಂಪ್, ಟರ್ಬೊ ದಾಟಿ ಹೋಗಬೇಕಾದ ಗಾಳಿ. ಇವೆಲ್ಲ ಆರ್‌ಪಿಎಂ ಏರಿದ ಹಾಗೆ ಏರುತ್ತೆ. ಅಂದ್ರೆ 1400ರಲ್ಲಿ ಡೀಸೆಲ್ ಇಂಜಿನ್ ಹೆಚ್ಚು ಕಮ್ಮಿ ಏನೂ ಹಿಡಿಯಲ್ಲ, 3200ರಲ್ಲಿ ಚೆನ್ನಾಗಿ ಹಿಡಿಯುತ್ತೆ. ಮೂಲ ಪೋಸ್ಟ್ ಹಾಕಿದವರು ಯಾವುದಕ್ಕೆ ಹೆದರಿ ವಾಪಸ್ ಹಾಕಿದ್ರೋ ಅದೇ ಅವರಿಗೆ ಬೇಕಾಗಿದ್ದದ್ದು.

ಪಿಸ್ಟನ್‌ಪುರಾಣ

ಸರಿ ಸರಿ, ಸಿರಿಂಜ್ ಲೆಕ್ಕ ಒಪ್ಪಿದೆ. ಆದ್ರೆ ಲಾರಿಗಳಲ್ಲಿ ಕಂಪ್ರೆಷನ್ ಬ್ರೇಕ್ ಅಂತಾನೇ ಇದ್ಯಲ್ಲ, ಅದು ಸುಳ್ಳಾ?

ಅರೆಬರೆ_ಇಂಜಿನಿಯರ್

ಸುಳ್ಳಲ್ಲ, ನಾನು ಹೇಳಿದ್ದಕ್ಕೆ ಅದೇ ಸಾಕ್ಷಿ. ಸಿರಿಂಜ್ ಪೂರ್ತಿ ಒತ್ತಿದ ಕ್ಷಣದಲ್ಲಿ ಬೆರಳು ತೆಗೆದ್ರೆ? ಬುಸ್ ಅಂತ ಗಾಳಿ ಹೋಯ್ತು, ಹಿಡಿ ವಾಪಸ್ ಬರಲ್ಲ, ನಿಮ್ಮ ಶ್ರಮ ಪೂರ್ತಿ ನೀರುಪಾಲು. ಆ ಬ್ರೇಕ್ ಮಾಡೋದು ಅಷ್ಟೇ, ಪಿಸ್ಟನ್ ಮೇಲಕ್ಕೆ ಬಂದು ಗಾಳಿ ಪೂರ್ತಿ ಅಮುಕಿದ ಹೊತ್ತಿಗೆ ಎಕ್ಸಾಸ್ಟ್ ವಾಲ್ವ್ ಬೇಕಂತಲೇ ತೆಗೀತಾರೆ. ಸುಮ್ನೆ ಕಂಪ್ರೆಷನ್ ಇಂದಾನೇ ಗಾಡಿ ನಿಲ್ಲೋ ಹಾಗಿದ್ರೆ ಅಂಥ ಸಾಧನ ಕಂಡುಹಿಡಿಯೋ ಅಗತ್ಯ ಏನಿತ್ತು?

ಇದರ ಹಿಂದೆ ಒಳ್ಳೆ ಕಥೆ ಇದೆ. ಕ್ಲೆಸ್ಸಿ ಕಮಿನ್ಸ್, ಅದೇ ಡೀಸೆಲ್ ಇಂಜಿನ್ ಕಂಪನಿಯವರು, 1931ರಲ್ಲಿ ಅಮೆರಿಕ ಉದ್ದಕ್ಕೂ ತಮ್ಮ ಡೀಸೆಲ್ ಟ್ರಕ್ ಓಡಿಸ್ಕೊಂಡು ಹೋಗುವಾಗ ಕ್ಯಾಲಿಫೋರ್ನಿಯಾದ ಕಹೋನ್ ಪಾಸ್ ಇಳಿಜಾರಲ್ಲಿ ಬ್ರೇಕ್ ಕೈಕೊಟ್ಟು ಸ್ವಲ್ಪದರಲ್ಲಿ ಉಳ್ಕೊಂಡ್ರು. ಆ ಭಯ ತಲೇಲಿ ಕೂತು ಎಷ್ಟೋ ವರ್ಷ ಆದ್ಮೇಲೆ ಈ ಡಿಸೈನ್ ಮಾಡಿದ್ರು, 1961ರಲ್ಲಿ ಜೇಕಬ್ಸ್ ಕಂಪನಿ ಅದನ್ನ ಮಾರುಕಟ್ಟೆಗೆ ತಂತು, ಅದಕ್ಕೇ ಜೇಕ್ ಬ್ರೇಕ್ ಅನ್ನೋ ಹೆಸರು. ಮಷಿನ್ ಗನ್ ಥರ ಸದ್ದು. ಕಾರುಗಳಲ್ಲಿ ಅದು ಇರಲ್ಲ.

ಹತ್ತುಗಾಲಿ

ಇಪ್ಪತ್ತು ವರ್ಷ ಲಾರಿ ಓಡಿಸಿದೀನಿ, ಈಗ ಬಿಟ್ಟಿದೀನಿ. ನಮ್ಮ ಗಾಡಿಲಿ ಇದ್ದಿದ್ದು ಎಕ್ಸಾಸ್ಟ್ ಬ್ರೇಕು, ಅದು ಇನ್ನೂ ಸುಲಭ, ಸೈಲೆನ್ಸರ್ ಪೈಪಲ್ಲಿ ಒಂದು ಬಾಗಿಲು, ಸ್ವಿಚ್ ಒತ್ತಿದ್ರೆ ಮುಚ್ಚುತ್ತೆ, ಹೊಗೆ ಹೋಗೋಕೆ ಜಾಗ ಇಲ್ದೆ ಇಂಜಿನ್ ತನ್ನನ್ನ ತಾನೇ ಹಿಡ್ಕೊಳುತ್ತೆ. ಅದೂ ಆರ್‌ಪಿಎಂ ಇದ್ರೇನೇ ಕೆಲ್ಸ ಮಾಡೋದು, ಟಾಪ್ ಗೇರಲ್ಲಿ ಹಾಕಿದ್ರೆ ಬರೀ ಸದ್ದು.

ತಮ್ಮಾ ಹೊಸಚಕ್ರ, ನಿಮ್ಮಪ್ಪ ಹೇಳಿದ್ದು ಸರಿ. ಆದ್ರೆ ಒಂದು ತಪ್ಪು ಆಗಿದೆ, ಗೇರ್ ಇಳಿಸೋದು ಘಾಟಿ ಮಧ್ಯ ಅಲ್ಲ, ಘಾಟಿ ತಲೇಲಿ, ಇಳಿಯೋಕೆ ಮುಂಚೆ. ಅರ್ಧ ದಾರೀಲಿ ಬ್ರೇಕ್ ಕಾದು ಗಾಡಿ ಎಳೀತಿರುವಾಗ ಗೇರ್ ಬದಲಾಯಿಸೋಕೆ ಕ್ಲಚ್ ಒತ್ತಿದ್ರಿ ಅನ್ಕೊಳಿ, ಆ ಎರಡು ಸೆಕೆಂಡ್ ಇಂಜಿನ್ನೂ ಇಲ್ಲ ಬ್ರೇಕೂ ಇಲ್ಲ, ಗಾಡಿ ಸ್ಪೀಡು ಇನ್ನೂ ಏರಿರುತ್ತೆ, ಆಮೇಲೆ ಕೆಳಗಿನ ಗೇರ್ ಬೀಳಲ್ಲ. ಲಾರೀಲಿ ನ್ಯೂಟ್ರಲ್‌ನಲ್ಲೇ ಸಿಕ್ಕಾಕ್ಕೊಂಡು ಹೋದವರನ್ನ ನೋಡಿದೀನಿ. ಅವರ ವಿಷಯ ಬೇಡ.

ಹಳಬರು "ಯಾವ ಗೇರಲ್ಲಿ ಹತ್ತುತೀಯೋ ಅದೇ ಗೇರಲ್ಲಿ ಇಳಿ" ಅಂತಾರೆ. ಆ ಕಾಲದ ಗಾಡಿಗೆ ಅದು ಸರಿ, ಪವರ್ ಇರ್ತಿರ್ಲಿಲ್ಲ, ಹತ್ತೋದೇ 2ನೇ ಗೇರಲ್ಲಿ. ಈಗಿನ ಟರ್ಬೊ ಡೀಸೆಲ್ ಕಾರು ಅದೇ ಘಾಟಿನ 3ರಲ್ಲೋ 4ರಲ್ಲೋ ಸರಾಗವಾಗಿ ಹತ್ತಿಬಿಡುತ್ತೆ. ಅದನ್ನ ನಂಬಿ 4ರಲ್ಲೇ ಇಳಿದ್ರೆ ನಿಮ್ಮ ಕಥೆ ಆಗುತ್ತೆ. ಹತ್ತಿದ ಗೇರಿಗಿಂತ ಒಂದು ಕೆಳಗೆ, ಇದು ನನ್ನ ಲೆಕ್ಕ.

ಮೈಲೇಜ್_ಮಹಾಶಯ

ಇಷ್ಟೆಲ್ಲ ಯಾಕೆ? ನಾನು ಇಳಿಜಾರಲ್ಲಿ ನ್ಯೂಟ್ರಲ್ ಹಾಕ್ತೀನಿ, ನೇರ ರಸ್ತೆ ಕಂಡ್ರೆ ಇಂಜಿನ್ನೇ ಆಫ್ ಮಾಡ್ತೀನಿ. ಹತ್ತು ವರ್ಷದಿಂದ ಹೀಗೇ, ಏನೂ ಆಗಿಲ್ಲ. ಹನಿ ಹನಿ ಕೂಡಿದ್ರೆ ಹಳ್ಳ.

ಗ್ರೀಸ್‌ಕೈ

ಹಳ್ಳ ಆಗೋದು ಸರಿ ಸರ್, ಗಾಡಿ ಹೋಗಿ ಅದೇ ಹಳ್ಳಕ್ಕೆ ಬೀಳಬಾರದಲ್ಲ.

ಆಫ್ ಮಾಡೋದಂತೂ ದಯವಿಟ್ಟು ಬಿಟ್ಬಿಡಿ, ತಮಾಷೆ ಅಲ್ಲ. ಪೆಡಲ್ ಹಗುರ ಮಾಡೋ ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಬೇಕು. ಮೇಲೆ ಹೇಳಿದ್ರಲ್ಲ, ಡೀಸೆಲಲ್ಲಿ ಥ್ರಾಟಲ್ ಬಾಗಿಲಿಲ್ಲ, ಹಾಗಾಗಿ ಅಲ್ಲಿ ವ್ಯಾಕ್ಯೂಮ್ ತಾನಾಗಿ ಹುಟ್ಟಲ್ಲ, ಅದಕ್ಕೆ ಅಂತ ಬೇರೆ ವ್ಯಾಕ್ಯೂಮ್ ಪಂಪ್ ಇಟ್ಟಿರ್ತಾರೆ, ಸುಮಾರು ಗಾಡಿಗಳಲ್ಲಿ ಅದು ತಿರುಗೋದು ಕ್ಯಾಮ್‌ಶಾಫ್ಟಿಂದ. ಇಂಜಿನ್ ನಿಂತ್ರೆ ಪಂಪ್ ನಿಂತ್ತು. ಬೂಸ್ಟರಲ್ಲಿ ಉಳಿದಿರೋ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತೋದಕ್ಕೆ ಸಾಕಾಗುತ್ತೆ, ಆಮೇಲೆ ಪೆಡಲ್ ಮೇಲೆ ಎದ್ದು ನಿಂತ್ರೂ ಒತ್ತೋದು ಕಷ್ಟ. ಸ್ಟೀರಿಂಗ್ ಭಾರ ಆಗುತ್ತೆ. ಕೀ ಹೊರಗೆ ಎಳೆದ್ರಂತೂ ಸ್ಟೀರಿಂಗ್ ಲಾಕ್ ಬೀಳುತ್ತೆ.

ನಿಂತಿರುವಾಗ ಟೆಸ್ಟ್ ಮಾಡಿ ನೋಡಿ: ಇಂಜಿನ್ ಆಫ್ ಮಾಡಿ ಬ್ರೇಕ್ ನಾಲ್ಕೈದು ಸಲ ಒತ್ತಿ. ಕೊನೇಲಿ ಪೆಡಲ್ ಹೇಗಿದೆ ಅಂತ ನೋಡ್ಕೊಳಿ, ಆ ಪೆಡಲ್ ಇಟ್ಕೊಂಡು ತಿರುವು ತಗೋಬಲ್ಲಿರಾ ಅಂತ ನಿಮ್ಮನ್ನ ನೀವೇ ಕೇಳ್ಕೊಳಿ.

ಅರೆಬರೆ_ಇಂಜಿನಿಯರ್

ಮೈಲೇಜ್ ಲೆಕ್ಕದಲ್ಲೂ ಅವರು ಸೋಲ್ತಾರೆ, ಅದು ಮಜಾ. ಗೇರಲ್ಲಿ ಇದ್ದು ಆಕ್ಸಿಲರೇಟರ್ ಬಿಟ್ರೆ, ಆರ್‌ಪಿಎಂ ಐಡಲ್‌ಗಿಂತ (ಗಾಡಿ ನಿಂತಾಗ ಇಂಜಿನ್ ಸುಮ್ನೆ ತಿರುಗೋ ಸ್ಪೀಡು) ಸಾಕಷ್ಟು ಮೇಲಿದ್ರೆ, ಇಸಿಯು (ಇಂಜಿನ್ ಕಂಪ್ಯೂಟರ್) ಇಂಜೆಕ್ಟರ್‌ಗೆ ಡೀಸೆಲ್ ಪೂರ್ತಿ ನಿಲ್ಲಿಸುತ್ತೆ. ಸೊನ್ನೆ. ಇಂಜಿನ್ 3200 ತಿರುಗ್ತಿರುತ್ತೆ ಆದ್ರೆ ತಿರುಗಿಸ್ತಿರೋದು ಚಕ್ರ. ಇನ್‌ಸ್ಟಂಟ್ ಮೈಲೇಜ್ ತೋರಿಸೋ ಗಾಡಿ ಇದ್ರೆ ನೋಡಿ, 99.9ಕ್ಕೋ ಗೆರೆಗಳಿಗೋ ಹೋಗಿ ನಿಲ್ಲುತ್ತೆ. ನ್ಯೂಟ್ರಲಲ್ಲಿ ಹಾಕಿದ್ರೆ ಇಂಜಿನ್ ನಿಂತು ಹೋಗಬಾರದು ಅಂತ ಐಡಲ್‌ಗೆ ಡೀಸೆಲ್ ಹಾಕ್ತಾನೇ ಇರಬೇಕು, ಈ ಸೈಜಿನ ಇಂಜಿನ್‌ಗೆ ಗಂಟೆಗೆ ಅರ್ಧ ಲೀಟರ್ ಆಸುಪಾಸು. ಅಂದ್ರೆ ಉಳಿಸೋಕೆ ಹೋಗಿ ಖರ್ಚು ಮಾಡ್ತಿದೀರ.

ನ್ಯಾಯವಾಗಿ ಒಂದು ಮಾತು ಹೇಳ್ಬೇಕು. ತೀರಾ ಸಣ್ಣ ಇಳಿಜಾರು, ಗೇರಲ್ಲಿ ಬಿಟ್ರೆ ಗಾಡಿ ನಿಧಾನ ಆಗಿ ಮತ್ತೆ ಆಕ್ಸಿಲರೇಟರ್ ಒತ್ತಬೇಕಾಗುತ್ತೆ ಅನ್ನೋ ಕಡೆ, ನ್ಯೂಟ್ರಲಲ್ಲಿ ಉರುಳಿದ್ರೆ ಎರಡು ಹನಿ ಉಳೀಬಹುದು. ಆದ್ರೆ ಅಂಥ ರಸ್ತೇಲಿ 5ನೇ ಗೇರಲ್ಲಿ ಹೋದ್ರೂ ಹೆಚ್ಚು ಕಮ್ಮಿ ಅಷ್ಟೇ ಆಗುತ್ತೆ. ಘಾಟೀಲಿ ಈ ವಾದಕ್ಕೆ ಜಾಗ ಇಲ್ಲ.

ಈಗ ಮೂಲ ಪ್ರಶ್ನೆಗೆ ಒಂದು ಲೆಕ್ಕ ಕೊಡ್ತೀನಿ, ಅಂದಾಜು ಲೆಕ್ಕ, ಪಾಯಿಂಟ್ ಪಾಯಿಂಟಿಗೆ ಜಗಳಕ್ಕೆ ಬರಬೇಡಿ. ಜನ ಲಗೇಜು ಸೇರಿ ಗಾಡಿ 1500 ಕೆಜಿ ಅನ್ಕೊಳಿ. ಇಳಿಜಾರು ಶೇಕಡ 8, ಅಂದ್ರೆ 100 ಮೀಟರ್ ಮುಂದೆ ಹೋದ್ರೆ 8 ಮೀಟರ್ ಕೆಳಗೆ. ಸ್ಪೀಡು 45. ಅಂದ್ರೆ ಪ್ರತಿ ಸೆಕೆಂಡಿಗೆ ಗಾಡಿ 1 ಮೀಟರ್ ಕೆಳಗೆ ಬೀಳ್ತಿದೆ, ಅದರ ಶಕ್ತಿ ಸುಮಾರು 14.7 ಕಿಲೋವ್ಯಾಟ್. ಟೈರು ಮತ್ತೆ ಗಾಳಿ ಸೇರಿ ಒಂದು 3 ತಿಂದು ಹಾಕುತ್ತೆ. ಮಿಕ್ಕಿದ್ದು 12 ಹತ್ರ ಹತ್ರ, ಅದನ್ನ ಯಾರೋ ಒಬ್ರು ಬಿಸಿ ಮಾಡಿ ಬಿಸಾಕಬೇಕು. ಬಾತ್‌ರೂಮ್ ಗೀಸರ್ 2 ಕಿಲೋವ್ಯಾಟ್, ಅಂಥವು ಆರು. ಹದಿನೈದು ನಿಮಿಷ ನಿಲ್ಲಿಸದೆ.

ನಿಮ್ಮ ಥರ ಗಾಡಿಗೆ 45ರಲ್ಲಿ 4ನೇ ಗೇರ್ ಅಂದ್ರೆ 1400 ಆರ್‌ಪಿಎಂ, 3ನೇದು 2000, 2ನೇದು 3200 ಅಂತ ಇಟ್ಕೊಳಿ. 1.5 ಲೀಟರ್ ಡೀಸೆಲ್ ಇಂಜಿನ್ 1400ರಲ್ಲಿ ಎರಡು ಎರಡೂವರೆ ಕಿಲೋವ್ಯಾಟ್ ತಿನ್ನಬಹುದು, 2000ದಲ್ಲಿ ನಾಲ್ಕು, 3200ರಲ್ಲಿ ಎಂಟು. 4ನೇ ಗೇರಲ್ಲಿ ನಿಮ್ಮ ಬ್ರೇಕ್ ಹೊತ್ತಿದ್ದು ಒಂಬತ್ತು ಹತ್ತು ಕಿಲೋವ್ಯಾಟ್, 2ರಲ್ಲಿ ಇಳಿದಿದ್ರೆ ನಾಲ್ಕು. ಹೊಗೆಗೂ ಹೊಗೆ ಇಲ್ಲದ್ದಕ್ಕೂ ಇರೋ ವ್ಯತ್ಯಾಸ ಅಷ್ಟೇ. ಇಂಜಿನ್ ತಿಂದ ಬಿಸಿನ ರೇಡಿಯೇಟರ್ ಮತ್ತೆ ಸೈಲೆನ್ಸರ್ ಹೊರಗೆ ಹಾಕುತ್ತೆ, ಅವನ್ನ ಮಾಡಿರೋದೇ ಅದಕ್ಕೆ, ಅದೂ ಇದರ ಎಷ್ಟೋ ಪಟ್ಟು ಬಿಸಿಗೆ. ಇಳಿಯುವಾಗ ಒಳಗೆ ಬೆಂಕಿ ಇಲ್ಲ, ಟೆಂಪರೇಚರ್ ಮುಳ್ಳು ಕೆಲವು ಗಾಡೀಲಿ ಇಳಿದೇ ಬಿಡುತ್ತೆ.

ಇಂಜಿನ್ ಮೇಲೆ ಭಾರ ಅಂತ ಕೇಳಿದ್ರಿ. 3200 ಆರ್‌ಪಿಎಂ ಅದಕ್ಕೆ ಭಾರ ಅಲ್ಲ, ಕೆಂಪು ಗೆರೆ 4500-5000 ಇರುತ್ತೆ. ಭಾರ ಅಂದ್ರೆ 1200 ಆರ್‌ಪಿಎಂ ಇಟ್ಕೊಂಡು 4ನೇ ಗೇರಲ್ಲಿ ಘಾಟಿ ಹತ್ತಿಸೋದು. ಅದನ್ನ ಮಾಡುವಾಗ ಯಾರಿಗೂ ಭಯ ಆಗಲ್ಲ ಯಾಕಂದ್ರೆ ಸದ್ದು ಬರಲ್ಲ 🙂

ಸುಮ್ನೆಓದ್ತೀನಿ

ಮೂರು ವರ್ಷದಿಂದ ಬರೀ ಓದ್ತಿದ್ದೆ, ಇವತ್ತು ಮೊದಲ ಸಲ ಬರೀತಿದೀನಿ. ಆರ್‌ಪಿಎಂ ಏರಿದ್ರೆ ಒಳ್ಳೇದು ಅಂತಾದ್ರೆ 1ನೇ ಗೇರ್ ಹಾಕಿಬಿಡೋದಾ? ಲಿಮಿಟರ್ ಇರುತ್ತಲ್ಲ, ಕೆಂಪು ದಾಟೋಕೆ ಬಿಡಲ್ಲ ತಾನೇ?

ಗ್ರೀಸ್‌ಕೈ

ಅಯ್ಯೋ ಬೇಡ. ಲಿಮಿಟರ್ ಮಾಡೋದು ಡೀಸೆಲ್ ನಿಲ್ಲಿಸೋದು ಮಾತ್ರ. ಇಳಿಜಾರಲ್ಲಿ ಡೀಸೆಲ್ ಆಗಲೇ ನಿಂತಿದೆ, ಇಂಜಿನ್ ತಿರುಗಿಸ್ತಿರೋದು ಚಕ್ರ. ಚಕ್ರಕ್ಕೆ ಲಿಮಿಟರ್ ಏನು ಮಾಡುತ್ತೆ? ಕೆಳಗಿನ ಗೇರ್ ಹಾಕಿ ಕ್ಲಚ್ ಬಿಟ್ರೆ ಆರ್‌ಪಿಎಂ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗೇ ಹೋಗುತ್ತೆ.

ನನ್ನ ಹತ್ರ ಒಂದು ಗಾಡಿ ಬಂದಿತ್ತು, 90ರಲ್ಲಿ ಹೋಗ್ತಾ 5ರಿಂದ 4ಕ್ಕೆ ಎಳೀಬೇಕಾದವರು ಕೈ ಒಂದು ಸಾಲು ಜಾಸ್ತಿ ಎಡಕ್ಕೆ ಹೋಗಿ 2ಕ್ಕೆ ಹಾಕಿದಾರೆ. ಲೆಕ್ಕ ಮಾಡಿ, 6000ಕ್ಕಿಂತ ಮೇಲೆ. ವಾಲ್ವ್ ಸ್ಪ್ರಿಂಗ್‌ಗೆ ಅಷ್ಟು ಬೇಗ ಮುಚ್ಚೋಕೆ ಆಗಲ್ಲ, ಪಿಸ್ಟನ್ ಬಂದು ವಾಲ್ವಿಗೆ ಗುದ್ದುತ್ತೆ. ಹೆಡ್ ಬಿಚ್ಚಿದ್ರೆ ವಾಲ್ವ್ ಎಲ್ಲ ಬಾಗಿ ಬತ್ತಿ ಥರ ಕೂತಿದ್ವು. ಹಾಗಾಗಿ ಮೊದಲು ಬ್ರೇಕಲ್ಲಿ ಸ್ಪೀಡ್ ಇಳಿಸಿ, ಆಮೇಲೆ ಗೇರ್ ಇಳಿಸಿ, ಒಂದೊಂದಾಗಿ. 3500-3800 ಒಳಗೆ ಇದ್ರೆ ನೆಮ್ಮದಿ. ಹತ್ತಿರ ಹತ್ತಿರ ಕೆಂಪು ಮುಟ್ಟೋ ಹಾಗಿದ್ರೆ ಬ್ರೇಕ್ ಒತ್ತಿ ಇಳಿಸಿ, ಕ್ಲಚ್ ಮಾತ್ರ ಮುಟ್ಟಬೇಡಿ.

ಕ್ಲಚ್ ಸವೆಯುತ್ತಾ ಅಂತ ಇತ್ತಲ್ಲ. ಪೂರ್ತಿ ಬಿಟ್ಟ ಕ್ಲಚ್ ಜಾರಲ್ಲ, ಜಾರದೆ ಸವೆಯಲ್ಲ. ಸವೆಯೋದು ಗೇರ್ ಬದಲಾಯಿಸೋ ಆ ಒಂದು ಕ್ಷಣ. ಕ್ಲಚ್ ಬಿಡೋ ಮುಂಚೆ ಆಕ್ಸಿಲರೇಟರ್ ಸ್ವಲ್ಪ ತಟ್ಟಿ ಆರ್‌ಪಿಎಂ ಏರಿಸ್ಕೊಂಡ್ರೆ ಅದೂ ಇಲ್ಲ, ಜರ್ಕೂ ಬರಲ್ಲ.

ಎರಡೇಪೆಡಲ್

ಆಟೋಮ್ಯಾಟಿಕ್ ಇರೋರ ಗತಿ ಏನು? ನಂದೂ ಡೀಸೆಲ್ಲೇ. ಡಿ ಅಲ್ಲಿ ಇಟ್ರೆ ಅದು ಸುಮ್ನೆ ಮೇಲಿನ ಗೇರಿಗೆ ಹೋಗಿ 1300ರಲ್ಲಿ ಆರಾಮಾಗಿ ಉರುಳ್ತಾ ಇರುತ್ತೆ. ಇಳಿಜಾರಲ್ಲಿ ಸ್ಪೀಡ್ ತಾನೇ ಹಿಡಿಯೋ ಹಿಲ್ ಡಿಸೆಂಟ್ ಬಟನ್ ಇದೆ, ಅದನ್ನ ಒತ್ತಿ ಇಳೀತೀನಿ, ಅದು ಇಂಜಿನ್ ಬ್ರೇಕಾ?

ಅರೆಬರೆ_ಇಂಜಿನಿಯರ್

ಅಲ್ಲ ಬ್ರೋ, ಅದು ಎಬಿಎಸ್ ಪಂಪಿಂದ ನಾಲ್ಕೂ ಚಕ್ರದ ಬ್ರೇಕನ್ನೇ ಹಿಡಿದು ಬಿಟ್ಟು ಮಾಡೋದು. ನಿಮ್ಮ ಬದಲು ಕಂಪ್ಯೂಟರ್ ಕಾಲಿಟ್ಟಿರುತ್ತೆ ಅಷ್ಟೇ, ಬಿಸಿ ಆಗೋದು ಅದೇ ಡಿಸ್ಕು. ಕಲ್ಲು ಮಣ್ಣಿನ ಕಡಿದಾದ ಜಾಗದಲ್ಲಿ ಆಮೆ ಸ್ಪೀಡಲ್ಲಿ ಇಳಿಯೋಕೆ ಸೂಪರ್, 12 ಕಿಮೀ ಟಾರ್ ರಸ್ತೆಗೆ ಅದಲ್ಲ.

ಮ್ಯಾನ್ಯುಯಲ್ ಮೋಡ್ ಇದ್ರೆ ಲಿವರ್ ಆ ಕಡೆ ತಳ್ಳಿ ಮೈನಸ್ ಒತ್ತಿ, 2 ಅಥವಾ 3ರಲ್ಲಿ ಹಿಡಿದು ಇಡಿ. ಎಲ್ ಅಂತ ಇದ್ರೆ ಅದು. ಸುಮಾರು ಆಟೋಮ್ಯಾಟಿಕ್‌ಗಳು ಆರ್‌ಪಿಎಂ ಕೆಂಪು ಗೆರೆ ದಾಟೋ ಹಾಗಿದ್ರೆ ಕೆಳಗಿನ ಗೇರ್ ಕೊಡೋದೇ ಇಲ್ಲ, ಬೀಪ್ ಅನ್ನುತ್ತೆ. ಕೆಲವು ಎಎಂಟಿಗಳು (ಮ್ಯಾನ್ಯುಯಲ್ ಗೇರ್‌ಬಾಕ್ಸನ್ನೇ ಮಷಿನ್ ಬದಲಾಯಿಸೋ ಗಾಡಿಗಳು) ಆರ್‌ಪಿಎಂ ತುಂಬಾ ಏರಿದ್ರೆ ನಿಮ್ಮನ್ನ ಕೇಳದೆ ಮೇಲಿನ ಗೇರಿಗೆ ಹೋಗಿಬಿಡುತ್ತೆ, ಗಾಡಿ ದಿಢೀರ್ ಅಂತ ಹಗುರ ಆದ ಹಾಗೆ ಅನ್ನಿಸುತ್ತೆ, ಅದೊಂದು ಗಮನ ಇರಲಿ.

ಎರಡೇಪೆಡಲ್

ಬ್ರೋ ಅಲ್ಲ, ಅಕ್ಕ. ಥ್ಯಾಂಕ್ಸ್, ಆ ಪ್ಲಸ್ ಮೈನಸ್ಸು ಓವರ್‌ಟೇಕ್ ಮಾಡೋಕೆ ಅಂತ ಅನ್ಕೊಂಡಿದ್ದೆ ಇಷ್ಟು ದಿನ.

ಹತ್ತುಗಾಲಿ

ಬ್ರೇಕ್ ಒತ್ತೋ ರೀತಿ ಬಗ್ಗೆ ಯಾರೂ ಹೇಳಿಲ್ಲ. ಗೇರ್ ಎಷ್ಟೇ ಸರಿ ಇದ್ರೂ ಕಡಿದಾದ ಕಡೆ ಬ್ರೇಕ್ ಬೇಕೇ ಬೇಕು. ಹೊಸಬರು ಮಾಡೋ ತಪ್ಪು ಕಾಲು ಮೇಲೇ ಇಟ್ಟು ಸವರ್ತಾ ಬರೋದು. ಅಮೆರಿಕದಲ್ಲಿ ಹೆವಿ ಲೈಸೆನ್ಸ್ ತಗೊಳೋರಿಗೂ ಇದನ್ನೇ ಕಲಿಸ್ತಾರಂತೆ, ನಮಗೆ ಉಸ್ತಾದ್ ಬೈದು ಕಲಿಸಿದ್ರು: 40 ನಿಮ್ಮ ಸೇಫ್ ಸ್ಪೀಡು ಅನ್ಕೊಳಿ. 40 ಮುಟ್ಟೋವರೆಗೂ ಬ್ರೇಕ್ ಮುಟ್ಟಬೇಡಿ. ಮುಟ್ಟಿದ್ಮೇಲೆ ಗಟ್ಟಿಯಾಗಿ ಒತ್ತಿ, ಮೂರು ಸೆಕೆಂಡು, 30ರ ಹತ್ರ ಇಳಿಸಿ, ಪೂರ್ತಿ ಬಿಟ್ಬಿಡಿ. ಮತ್ತೆ 40 ಆಗೋವರೆಗೂ ಕಾಲು ಪಕ್ಕಕ್ಕೆ. ಆ ಬಿಟ್ಟ ಹೊತ್ತಲ್ಲಿ ಡಿಸ್ಕಿಗೆ ಗಾಳಿ ಆಡುತ್ತೆ, ಪ್ಯಾಡ್ ಉಸಿರಾಡುತ್ತೆ.

ಸವರ್ಕೊಂಡು ಬಂದ್ರೆ ಇನ್ನೊಂದು ತೊಂದ್ರೆ, ಹಿಂದಿನ ಗಾಡಿಯವನಿಗೆ ನಿಮ್ಮ ಕೆಂಪು ಲೈಟು 12 ಕಿಮೀನೂ ಉರೀತಾ ಇರುತ್ತೆ, ನೀವು ನಿಜವಾಗಿ ನಿಲ್ಲಿಸಿದಾಗ ಅವನಿಗೆ ಗೊತ್ತೇ ಆಗಲ್ಲ.

ಪಿಸ್ಟನ್‌ಪುರಾಣ

ಅದರ ಉಲ್ಟಾನೂ ಇದೆ ಅಣ್ಣ, ಇಂಜಿನ್ ಬ್ರೇಕಲ್ಲಿ ಲೈಟ್ ಉರಿಯಲ್ಲ. 3ರಿಂದ 2ಕ್ಕೆ ಹಾಕಿದಾಗ ಗಾಡಿ ಗಪ್ ಅಂತ ನಿಧಾನ ಆಗುತ್ತೆ, ಹಿಂದಿನವನಿಗೆ ಸುಳಿವಿಲ್ಲ. ಪೆಡಲ್ ಒಂದು ಸಲ ಮುಟ್ಟಿ ಲೈಟ್ ತೋರಿಸಿ ಗೇರ್ ಇಳಿಸೋದು ವಾಸಿ.

ಇನ್ನೊಂದು, ಮಳೇಲಿ ಹುಷಾರು. ಇಂಜಿನ್ ಹಿಡಿಯೋದು ಎರಡೇ ಚಕ್ರನ, ಮುಂದೆ ಎಳೆಯೋ ಗಾಡಿ ಆದ್ರೆ ಮುಂದಿನವು. ತಿರುವಿನ ಮಧ್ಯ ಒದ್ದೆ ರಸ್ತೇಲಿ ಕ್ಲಚ್ ದಡ್ ಅಂತ ಬಿಟ್ರೆ ಆ ಚಕ್ರ ಜಾರಿ ಸ್ಟೀರಿಂಗ್ ಮಾತು ಕೇಳಲ್ಲ. ಗೇರ್ ಕೆಲಸ ತಿರುವಿಗೆ ಮುಂಚೆ ನೇರದಲ್ಲಿ ಮುಗಿಸ್ಕೊಳಿ. (ಕಂಪ್ರೆಷನ್ ವಿಷಯದಲ್ಲಿ ಹೋದ ಮಾನ ಇದರಲ್ಲಾದ್ರೂ ವಾಪಸ್ ಬರಲಿ.)

ಮೈಲೇಜ್_ಮಹಾಶಯ

ಆಫ್ ಮಾಡಿ ಪೆಡಲ್ ಟೆಸ್ಟ್ ಮಾಡಿದೆ. ಐದನೇ ಸಲ ಗೋಡೆ ಒದ್ದ ಹಾಗಿತ್ತು. ಆಫ್ ಮಾಡೋದು ಬಿಟ್ಟೆ. ನ್ಯೂಟ್ರಲ್ ಬಗ್ಗೆ ಆ ಮೈಲೇಜ್ ಮೀಟರ್ ನೋಡಿ ಆಮೇಲೆ ಹೇಳ್ತೀನಿ.

ಹೊಸಚಕ್ರ

ಎಲ್ರಿಗೂ ದೊಡ್ಡ ನಮಸ್ಕಾರ. ಇವತ್ತು ಅದೇ ಘಾಟಿ ಮತ್ತೆ ಇಳಿದೆ, ಈ ಸಲ ನಾನು ಮತ್ತೆ ಅಪ್ಪ ಇಬ್ರೇ. ಮೇಲೆ ಚಪ್ಪಟೆ ಇರೋ ಕಡೆನೇ 2ಕ್ಕೆ ಹಾಕ್ದೆ. ಮೊದಲ ಎರಡು ಕಿಮೀ ಆ ಸದ್ದು ಕೇಳೋಕೆ ಆಗ್ತಿರ್ಲಿಲ್ಲ, ಕೈ ತಾನಾಗೇ ಗೇರ್ ಲಿವರ್ ಮೇಲೆ ಹೋಗ್ತಿತ್ತು, "ಇರಲಿ ಬಿಡೋ" ಅಂತ ಅಪ್ಪ ಎರಡು ಸಲ ಕೈ ತಟ್ಟಿದ್ರು. ಆಮೇಲೆ ಅಭ್ಯಾಸ ಆಯ್ತು, ಸದ್ದಿನ ಮೇಲೇ ಸ್ಪೀಡ್ ಗೊತ್ತಾಗೋಕೆ ಶುರು ಆಯ್ತು, ಮೀಟರ್ ನೋಡೋದೇ ಬೇಡ. ಸ್ವಲ್ಪ ಸಪಾಟು ಬಂದ ಕಡೆ 3, ಮತ್ತೆ ಕಡಿದಾಗೋ ಮುಂಚೆ 2. ಬ್ರೇಕ್ ಹತ್ತುಗಾಲಿ ಅಣ್ಣ ಹೇಳಿದ ಹಾಗೆ, ಗಟ್ಟಿಯಾಗಿ ಒತ್ತಿ ಬಿಡೋದು. ಕೆಳಗೆ ಬಂದು ಇಳಿದು ಚಕ್ರದ ಹತ್ರ ಕೈ ಹಿಡಿದೆ, ಹೋದ ಸಲ ಅರ್ಧ ಅಡಿ ದೂರದಿಂದ್ಲೇ ಝಳ ಬಡೀತಿತ್ತು, ಈ ಸಲ ಬರೀ ಬೆಚ್ಚಗಿತ್ತು. ಜನ ಕಮ್ಮಿ ಇದ್ರು ಅನ್ನೋದೂ ಇದೆ, ಒಪ್ತೀನಿ.

ಒಂದು ಡೌಟು: ಹೋದ ಸಲ ಹೊಗೆ ನೋಡಿ ಗಾಬರಿಲಿ ಬಾಟಲಿ ನೀರು ಚಕ್ರದ ಮೇಲೆ ಸುರಿಯೋಕೆ ಹೋಗಿದ್ದೆ, ಅಪ್ಪ ತಡೆದ್ರು. ಸರಿನಾ?

ಗ್ರೀಸ್‌ಕೈ

ಅಪ್ಪಂಗೆ ನಮಸ್ಕಾರ ಹೇಳಿ. ಕಾದ ಡಿಸ್ಕಿಗೆ ನೀರು ಬಿದ್ರೆ ಸೊಟ್ಟ ಆಗುತ್ತೆ, ಸೀಳು ಬಿಟ್ರೂ ಬಿಡ್ತು. ಕಾದಿದೆ ಅನ್ನಿಸಿದ್ರೆ, ಪೆಡಲ್ ಇನ್ನೂ ಗಟ್ಟಿ ಇದ್ರೆ, ಸಪಾಟು ರಸ್ತೇಲಿ ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ, ಗಾಳಿಗೆ ಆರುತ್ತೆ. ನಿಲ್ಲಿಸಲೇಬೇಕು ಅಂದ್ರೆ ಬ್ರೇಕ್ ಒತ್ಕೊಂಡು ಕೂರಬೇಡಿ, ಹ್ಯಾಂಡ್ ಬ್ರೇಕ್ ಕೂಡ ಬೇಡ, ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ. ಬ್ರೇಕ್ ಆಯಿಲ್?

ಹೊಸಚಕ್ರ

ಅದು... ಲೆವೆಲ್ ಸರಿಯಾಗೇ ಇದೆ ಸರ್, ಯಾವಾಗ್ಲೂ ನೋಡ್ತಿರ್ತೀನಿ. ಬದಲಾಯಿಸಬೇಕು ಅಂತ ಗೊತ್ತಿರ್ಲಿಲ್ಲ.

ಗ್ರೀಸ್‌ಕೈ

ಬ್ರೇಕ್ ಆಯಿಲ್ ಗಾಳೀಲಿರೋ ತೇವ ಹೀರುತ್ತೆ. ಡಾಟ್ 4 ದರ್ಜೆ ಆಯಿಲ್ ಹೊಸದು ಕುದಿಯೋಕೆ ಕನಿಷ್ಠ 230 ಡಿಗ್ರಿ ಬೇಕು ಅಂತ ಸ್ಟ್ಯಾಂಡರ್ಡ್, ತೇವ ಹೀರಿದ್ಮೇಲೆ ಅದೇ ಲಿಮಿಟ್ 155ಕ್ಕೆ ಇಳಿಯುತ್ತೆ. ಡಾಟ್ 3 ಆದ್ರೆ 205ರಿಂದ 140. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನೋದು. ಲೆವೆಲ್ ನೋಡಿದ್ರೆ ಇದು ಗೊತ್ತಾಗಲ್ಲ. ಗಾಡಿ ತಗೊಂಡು ಎಷ್ಟು ವರ್ಷ ಆಯ್ತು?

ಹೊಸಚಕ್ರ

ನಾಲ್ಕು. ಅದೂ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು.

ಗ್ರೀಸ್‌ಕೈ

ನಾಳೆ ಬೆಳಿಗ್ಗೆ ಹೋಗಿ. ಘಾಟಿ ಇಲ್ಲದ ರಸ್ತೇಲಿ.